ಗಾಲ್ವೆ ಹೂಕರ್: ಹಳೆಯ ಐರಿಷ್ ಹಾಯಿದೋಣಿಯನ್ನು ಮತ್ತೆ ನೀರಿಗಿಳಿಸುವ ಸಮಗ್ರ ಮಾರ್ಗದರ್ಶಿ

ಗಾಲ್ವೆ ಹೂಕರ್ ದೋಣಿಯನ್ನು ಕಟ್ಟಿದವರು ನಕ್ಷೆ ಬರೆದು ಕಟ್ಟಿದವರಲ್ಲ. ಐರ್ಲೆಂಡಿನ ಪಶ್ಚಿಮ ಕರಾವಳಿಯ ಬಡಗಿಗಳ ಹತ್ತಿರ ಇದ್ದದ್ದು ಅಪ್ಪನಿಂದ ಮಗನಿಗೆ ಬಂದ ಅಳತೆ, ಒಂದೆರಡು ಮರದ ಅಚ್ಚು, ಮಿಕ್ಕಿದ್ದೆಲ್ಲ ಕಣ್ಣಂದಾಜು. ಹಾಗಾಗಿ ಇವತ್ತು ಹಳೆಯ ಹೂಕರ್ ಒಂದು ಕೈಗೆ ಸಿಕ್ಕರೆ, ಆ ದೋಣಿಯೇ ಅದರ ನಕ್ಷೆ. ಅದರ ಆಕಾರ ಕೆಟ್ಟರೆ ಮತ್ತೆಲ್ಲಿಂದಲೂ ತರಲು ಬರುವುದಿಲ್ಲ.

ಇಲ್ಲಿ ಹೇಳುವ ಕೆಲಸವೆಲ್ಲ ಈ ಒಂದು ವಿಷಯದ ಮೇಲೆ ನಿಂತಿದೆ. ಹಳೆಯ ಮರವನ್ನೆಲ್ಲ ಒಂದೇ ಸಲ ಕಿತ್ತು ಹೊಸದಾಗಿ ಕಟ್ಟುವ ಹಾಗಿಲ್ಲ. ಒಂದು ತೆಗೆಯಬೇಕು, ಅದರ ಜಾಗಕ್ಕೆ ಒಂದು ಹಾಕಬೇಕು, ಆಮೇಲೆ ಮುಂದಿನದು. ನಿಧಾನದ ಕೆಲಸ, ನಿಜ. ಆದರೆ ಬೇರೆ ದಾರಿ ಇಲ್ಲ.

ಐರ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಮರದ ಕೆಲಸದ ಹುಚ್ಚು ಇರುವವರಿಗೆ, ಅಲ್ಲಿನ ದೋಣಿ ಗುಂಪುಗಳ ಜೊತೆ ಕೈಜೋಡಿಸಬೇಕು ಅನ್ನುವವರಿಗೆ ಇದು ಉಪಯೋಗಕ್ಕೆ ಬಂದೀತು. ನಮ್ಮ ಕರಾವಳಿಯಲ್ಲಿ ಮರದ ದೋಣಿ ನೋಡಿ ಬೆಳೆದವರಿಗೂ ಇಲ್ಲಿನ ಅರ್ಧ ಕೆಲಸ ಪರಿಚಿತ ಅನಿಸಬಹುದು.

ಮೊದಲು ದೋಣಿಯ ಪರಿಚಯ

ಹೂಕರ್ ಅಂದರೆ ಒಂದೇ ದೋಣಿಯಲ್ಲ, ನಾಲ್ಕು ದೋಣಿಗಳ ಕುಟುಂಬ. ಎಲ್ಲಕ್ಕಿಂತ ದೊಡ್ಡದು ಬಾಡ್ ಮೋರ್, ಉದ್ದ ಸುಮಾರು 10.5ರಿಂದ 13.5 ಮೀಟರ್. ಅದಕ್ಕಿಂತ ಚಿಕ್ಕದು ಲ್ಯಾವಾಡ್. ಈ ಎರಡಕ್ಕೂ ಹಾಯಿಕಂಬದಿಂದ ಮುಂದಕ್ಕೆ ಡೆಕ್, ಅಂದರೆ ಮೇಲೆ ಮುಚ್ಚುವ ಹಲಗೆಹಾಸು ಇರುತ್ತದೆ. ಆಮೇಲೆ 7ರಿಂದ 9 ಮೀಟರ್ ಉದ್ದದ ಗ್ಲೋಚೋಗ್. ಅದಕ್ಕೆ ದೊಡ್ಡ ದೋಣಿಗಳದೇ ಹಾಯಿ, ಆದರೆ ಮೇಲೆಲ್ಲ ತೆರೆದೇ ಇರುತ್ತದೆ. ಪೂಕಾನ್ ಗಾತ್ರದಲ್ಲಿ ಗ್ಲೋಚೋಗ್‌ನಷ್ಟೇ ಇದ್ದರೂ ಅದರ ದೊಡ್ಡ ಹಾಯಿಯ ಕಟ್ಟೇ ಬೇರೆ.

ಒಡಲು ಟಾರ್ ಬಳಿದ ಕಪ್ಪು, ಹಾಯಿ ಕೆಂಪು ಮಿಶ್ರಿತ ಕಂದು. ಒಮ್ಮೆ ನೋಡಿದರೆ ಸಾಕು, ಮುಂದಿನ ಸಲ ದೂರದಿಂದಲೇ ಗುರುತು ಹತ್ತುತ್ತದೆ. ನೀರು ಸೀಳುವ ಕಡೆ ಮೂತಿ ಚೂಪು, ಅದರ ಮೇಲೆ ಭುಜ ಗುಂಡಗೆ ತುಂಬಿಕೊಂಡಿರುತ್ತದೆ. ಪಕ್ಕಗಳು ಹೊಟ್ಟೆಯ ಹತ್ತಿರ ಹೊರಗೆ ಉಬ್ಬಿ, ಮೇಲೆ ಬರುತ್ತಾ ಮತ್ತೆ ಒಳಕ್ಕೆ ಬಾಗುತ್ತವೆ. ಹಿಂಬದಿಯ ಹಲಗೆ ಓರೆಯಾಗಿ ನಿಂತಿರುತ್ತದೆ. ಈ ಒಳಬಾಗು ಹೂಕರ್‌ನ ಮುಖ್ಯ ಚಹರೆ. ರಿಪೇರಿಯಲ್ಲಿ ಮೊದಲು ಕೆಡುವುದೂ ಇದೇ.

ಈ ದೋಣಿಗಳಿಗೆ ಕೆಲಸ ಕೊಟ್ಟದ್ದು ಅಲ್ಲಿನ ನೆಲ. ಗಾಲ್ವೆ ಕೊಲ್ಲಿಯ ಉತ್ತರಕ್ಕೆ ಕನೆಮಾರಾ. ಅಲ್ಲಿ ಜವುಗು ನೆಲದಿಂದ ಕಡಿದು ಒಣಗಿಸಿದ ಟರ್ಫ್, ಅಂದರೆ ಉರಿಸುವ ಮಣ್ಣುಗಟ್ಟಿ, ಬೇಕಾದಷ್ಟು ಸಿಗುತ್ತಿತ್ತು. ಎದುರಿಗಿರುವ ಆರನ್ ದ್ವೀಪಗಳು, ತೆಂಕಣದ ಬರೆನ್ ಪ್ರದೇಶ ಎರಡೂ ಬರೀ ಸುಣ್ಣದ ಕಲ್ಲು. ಅಲ್ಲಿ ಒಲೆಗೆ ಹಾಕಲು ಸೌದೆಯೂ ಇಲ್ಲ, ಟರ್ಫೂ ಇಲ್ಲ. ಹೂಕರ್‌ಗಳು ಕನೆಮಾರಾದಿಂದ ಟರ್ಫ್ ಹೇರಿಕೊಂಡು ಹೋಗುತ್ತಿದ್ದವು. ಬರುವಾಗ ಖಾಲಿ ಯಾಕೆ ಬರಬೇಕು ಅಂತ ಸುಣ್ಣದ ಕಲ್ಲು ತುಂಬಿಕೊಂಡು ಬರುತ್ತಿದ್ದವು. ಹುಳಿ ಜಾಸ್ತಿಯಾದ ಕನೆಮಾರಾದ ಹೊಲಗಳಿಗೆ ಆ ಸುಣ್ಣ ಬೇಕಿತ್ತು. ಇತ್ತ ಗಾಲ್ವೆ ಊರಿನ ಅಂಚಿನ ಕ್ಲಾಡಾ ಕೇರಿಯ ಬೆಸ್ತರು ಇದೇ ದೋಣಿಗಳಲ್ಲಿ ಮೀನಿಗೆ ಹೋಗುತ್ತಿದ್ದರು. ಕ್ಲಾಡಾ ಹೆಸರಿನ ಉಂಗುರ ಲೋಕಕ್ಕೆಲ್ಲ ಗೊತ್ತು. ಆದರೆ ಆ ಕೇರಿಯವರ ಬದುಕು ನಡೆದದ್ದು ಈ ದೋಣಿಯ ಮೇಲೆ. ಅವರು ತಮ್ಮಲ್ಲೇ ಒಬ್ಬರನ್ನು ರಾಜ ಅಂತ ಆರಿಸಿಕೊಳ್ಳುತ್ತಿದ್ದರು. ಆ ರಾಜನ ದೋಣಿಗೆ ಮಾತ್ರ ಬಿಳಿ ಹಾಯಿ. 1930ರ ದಶಕದಲ್ಲಿ ಕ್ಲಾಡಾದ ಹುಲ್ಲುಮಾಡಿನ ಮನೆಗಳನ್ನು ಕೆಡವಿ ಹೊಸ ಮನೆ ಕಟ್ಟಿದರು.

19ನೇ ಶತಮಾನದಲ್ಲಿ ಅಮೆರಿಕಕ್ಕೆ ವಲಸೆ ಹೋದ ಐರಿಷ್ ಮೀನುಗಾರರು ಬಾಸ್ಟನ್‌ನಲ್ಲೂ ಇದೇ ಜಾತಿಯ ದೋಣಿ ಕಟ್ಟಿಕೊಂಡಿದ್ದರು. ತವರಿನಲ್ಲಿ ಮಾತ್ರ ರಸ್ತೆ ಬಂತು, ಎಂಜಿನ್ ದೋಣಿ ಬಂತು, ಗ್ಯಾಸ್ ಸಿಲಿಂಡರ್ ಬಂತು. ಟರ್ಫ್ ಸಾಗಿಸುವ ಕೆಲಸ ನಿಂತುಹೋಯಿತು. ದೋಣಿಗಳು ತೊರೆಯ ಕೆಸರಿನಲ್ಲಿ ಕುಳಿತು ಕುಂಬಾದವು. 1970ರ ದಶಕದಲ್ಲಿ ಕೆಲವರು ಅವನ್ನು ಎಳೆದು ತಂದು ರಿಪೇರಿ ಮಾಡತೊಡಗಿದರು. 1978ರಲ್ಲಿ ಹೂಕರ್ ಸಂಘ ಹುಟ್ಟಿತು. 1979ರಲ್ಲಿ ಕಿನ್ವಾರಾ ಊರಿನಲ್ಲಿ ‘ಕ್ರಿನ್ಯೂ ನ ಮಾಡ್’ ಎಂಬ ದೋಣಿ ಜಾತ್ರೆ ಶುರುವಾಯಿತು. ಅದು ಆಗಸ್ಟ್‌ನಲ್ಲಿ ನಡೆಯುತ್ತದೆ. 1986ರಲ್ಲಿ ಪ್ಯಾಡಿ ಬ್ಯಾರಿ ಮತ್ತು ಸಂಗಡಿಗರು ‘ಸೇಂಟ್ ಪ್ಯಾಟ್ರಿಕ್’ ಎಂಬ ಹೂಕರ್‌ನಲ್ಲಿ ಅಟ್ಲಾಂಟಿಕ್ ದಾಟಿ ಅಮೆರಿಕ ಮುಟ್ಟಿದರು. ಕೊಲ್ಲಿಯೊಳಗೆ ಟರ್ಫ್ ಹೊರುತ್ತಿದ್ದ ಮಾದರಿಯ ದೋಣಿ ಮಹಾಸಾಗರ ದಾಟಿತು ಅಂದರೆ, ಆ ಬಡಗಿಗಳ ಕಣ್ಣಂದಾಜು ಎಂಥದ್ದಿರಬೇಕು!

ಇನ್ನು ಕೆಲಸಕ್ಕೆ ಬರೋಣ. ಇಲ್ಲಿ ಗ್ಲೋಚೋಗ್ ಗಾತ್ರದ ದೋಣಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಮೊದಲ ಸಲಕ್ಕೆ ಅದೇ ಸರಿ. ಬಾಡ್ ಮೋರ್ ನಾಲ್ಕಾರು ಜನರ ಕೈಗೂ ಸುಲಭಕ್ಕೆ ಬಗ್ಗುವುದಿಲ್ಲ.

ಹಂತ 1: ಮುಟ್ಟುವ ಮೊದಲು ವಿಚಾರಿಸಿ

ದೋಣಿ ಯಾರು ಕಟ್ಟಿದ್ದು, ಎಲ್ಲಿ ಕಟ್ಟಿದ್ದು, ಯಾರ್ಯಾರ ಕೈ ದಾಟಿ ಬಂದದ್ದು ಅಂತ ಮೊದಲು ಕೇಳಿ ತಿಳಿದುಕೊಳ್ಳಿ. ಕನೆಮಾರಾದಲ್ಲಿ ದೋಣಿ ಕಟ್ಟುವುದು ಮನೆತನದ ಕಸುಬು. ಕಾರ್ನಾ ಬಳಿಯ ಮ್ವೀನಿಶ್ ದ್ವೀಪದ ಕೇಸಿ ಮನೆತನ ಇದಕ್ಕೇ ಹೆಸರಾದದ್ದು. ಒಂದೊಂದು ಮನೆತನದ ದೋಣಿಗೂ ಒಂದೊಂದು ಗತ್ತು. ಮೂತಿಯ ಓರೆ ಒಬ್ಬರದು ಹೀಗೆ, ಇನ್ನೊಬ್ಬರದು ಹಾಗೆ. ಊರಿನ ಹಿರಿಯರ ಹತ್ತಿರ ಹಳೆಯ ಫೋಟೊ ಇದ್ದರೆ ಕೇಳಿ ಪಡೆಯಿರಿ. ಹಾಯಿ ಬಿಚ್ಚಿ ಓಡುತ್ತಿರುವಾಗ ಪಕ್ಕದಿಂದ ತೆಗೆದ ಒಂದು ಫೋಟೊ ಹತ್ತು ಪುಟ ಬರಹಕ್ಕಿಂತ ಹೆಚ್ಚು ಹೇಳುತ್ತದೆ.

ದೋಣಿ ಕೊಳ್ಳುವ ಬೆಲೆ ಇಡೀ ಖರ್ಚಿನಲ್ಲಿ ಅತಿ ಸಣ್ಣ ಪಾಲು. ಪುಕ್ಕಟೆ ಸಿಕ್ಕಿತು ಅಂತ ಹಿಗ್ಗಬೇಡಿ. ಸೂರಿರುವ ಜಾಗ, ಒಳ್ಳೆಯ ಓಕ್ ಮರ, ಕೆಲಸ ಗೊತ್ತಿರುವ ಒಬ್ಬ ಬಡಗಿ, ಈ ಮೂರೂ ಗೊತ್ತಾದ ಮೇಲೆ ಮಾತು ಕೊಡಿ.

ಹಂತ 2: ನೆಟ್ಟಗೆ ನಿಲ್ಲಿಸಿ

ನೀರಿನಲ್ಲಿರುವಾಗ ದೋಣಿಗೆ ಎಲ್ಲ ಕಡೆಯಿಂದ ಆಸರೆ ಇರುತ್ತದೆ. ದಡಕ್ಕೆ ಬಂದರೆ ಅದರ ಭಾರವೆಲ್ಲ ಕೀಲ್ ಮೇಲೆ, ಅಂದರೆ ಉದ್ದಕ್ಕೂ ಹಾಯುವ ತಳದ ದಿಂಡಿನ ಮೇಲೆ ಬೀಳುತ್ತದೆ. ಹಾಗಾಗಿ ಕೀಲ್‌ನ ಉದ್ದಕ್ಕೂ ಹತ್ತಿರ ಹತ್ತಿರ ಗಟ್ಟಿ ದಿಮ್ಮಿ ಕೊಡಿ, ಬೆಣೆ ಹೊಡೆದು ಎಲ್ಲವೂ ಸಮನಾಗಿ ಭಾರ ಹೊರುವಂತೆ ಮಾಡಿ. ಪಕ್ಕಕ್ಕೆ ಊರುಗೋಲು ಕೊಡುವಾಗ ಒಳಗೆ ಪಕ್ಕೆಮರ, ಅಂದರೆ ಹೊರ ಹಲಗೆಯನ್ನು ಒಳಗಿನಿಂದ ಹಿಡಿದಿರುವ ಬಾಗು ಮರ ಇರುವ ಜಾಗ ನೋಡಿ ಕೊಡಿ. ಬರೀ ಹಲಗೆಯ ಮೇಲೆ ಕೊಟ್ಟರೆ ಹಲಗೆ ಒಳಕ್ಕೆ ಹೋಗುತ್ತದೆ.

ಈಗ ಮೂತಿಯಿಂದ ಹಿಂಬದಿಯವರೆಗೆ ಒಂದು ಸಣ್ಣ ದಾರ ಬಿಗಿದು ಕೀಲ್ ನೋಡಿ. ಹಳೆಯ ದೋಣಿಗಳ ಬೆನ್ನು ಗೂನಾಗಿರುತ್ತದೆ, ನಡುಭಾಗ ಮೇಲೆದ್ದು ಎರಡು ತುದಿ ಜೋತಿರುತ್ತವೆ. ಅದನ್ನು ಜಾಕ್ ಹಾಕಿ ಒಂದೇ ದಿನದಲ್ಲಿ ಸರಿ ಮಾಡಲು ಹೋಗಬೇಡಿ. ತುದಿಗಳಿಗೆ ಆಸರೆ ಕೊಟ್ಟು, ನಡುವಿನ ಬೆಣೆಯನ್ನು ವಾರವಾರಕ್ಕೆ ಸ್ವಲ್ಪ ಸ್ವಲ್ಪ ಸಡಿಲಿಸುತ್ತಾ ಬಂದರೆ ದೋಣಿ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಕೀಲ್ ಪಕ್ಕದ ಮೊದಲ ಸಾಲಿನ ಹಲಗೆಗಳನ್ನು ಬಿಚ್ಚಿದ ಮೇಲೆ ಇನ್ನೂ ಸುಲಭವಾಗಿ ಇಳಿಯುತ್ತದೆ.

ಸೂರಿನ ಕೆಳಗೆ ಗಾಳಿ ಬೇಕು, ಬಿಸಿಲು ಬೇಡ. ತೀರಾ ಒಣಗಿದರೆ ಹಲಗೆ ಸೀಳುತ್ತವೆ.

ಹಂತ 3: ದಬ್ಬಳ ಹಿಡಿದು ಪರೀಕ್ಷೆ

ಇದಕ್ಕೆ ಬೇಕಾದ್ದು ಒಂದು ದಬ್ಬಳ, ಒಂದು ಸಣ್ಣ ಸುತ್ತಿಗೆ, ಒಂದು ಟಾರ್ಚ್, ಸೀಮೆಸುಣ್ಣ. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಮರ ಟಣ್ ಅನ್ನುತ್ತದೆ, ಕುಂಬು ಮರ ದಪ್ ಅನ್ನುತ್ತದೆ. ಅನುಮಾನ ಬಂದ ಕಡೆ ದಬ್ಬಳ ಒತ್ತಿ. ಒಳ್ಳೆಯ ಓಕ್‌ನಲ್ಲಿ ಮೊನೆ ತುಸುವೇ ಹೋಗಿ ನಿಲ್ಲುತ್ತದೆ, ಎಳೆದರೆ ಮರ ಬಿಗಿ ಹಿಡಿಯುತ್ತದೆ. ಕುಂಬಾದ ಕಡೆ ಸಲೀಸಾಗಿ ಇಳಿಯುತ್ತದೆ. ಮೀಟಿದರೆ ಉದ್ದ ನಾರು ಏಳುವುದಿಲ್ಲ, ತುಂಡು ತುಂಡಾಗಿ ಪುಡಿಯಾಗುತ್ತದೆ. ಈ ವ್ಯತ್ಯಾಸ ಕೈಗೆ ಒಮ್ಮೆ ಗೊತ್ತಾದರೆ ಸಾಕು. ಮೇಲಿನ ಬಣ್ಣ ನೋಡಿ ಮೋಸ ಹೋಗಬೇಡಿ. ಟಾರ್‌ನ ದಪ್ಪ ಪದರದ ಅಡಿಯಲ್ಲಿ ಮರ ಪೂರ್ತಿ ಹೋಗಿರುವುದುಂಟು.

ಎಲ್ಲಿ ನೋಡಬೇಕು? ಮಳೆನೀರು ನಿಲ್ಲುವಲ್ಲೆಲ್ಲ. ಉಪ್ಪಿನಕಾಯಿ ಕೆಡದ ಹಾಗೆ ಸಮುದ್ರದ ನೀರಿನಲ್ಲಿ ನೆನೆದ ಮರ ಬೇಗ ಕೆಡುವುದಿಲ್ಲ, ಸಿಹಿನೀರು ಬಿದ್ದ ಕಡೆ ಅಣಬೆ ಹಿಡಿಯುತ್ತದೆ. ಆದ್ದರಿಂದ ಪಕ್ಕೆಮರಗಳ ಮೇಲಿನ ತುದಿ, ಡೆಕ್ ತೊಲೆಗಳ ತುದಿ, ಹಿಂಬದಿಯ ಹಲಗೆಯ ಮೂಲೆಗಳು, ಮೂತಿಯ ಕಂಬದ ತಲೆ, ಹಾಯಿಕಂಬ ಕೂರುವ ಗುಳಿ, ಇವುಗಳನ್ನು ಬಿಡದೆ ನೋಡಿ. ಕೆಲವು ದೋಣಿಗಳ ತಳಕ್ಕೆ ಹಿಂದಿನವರು ಕಾಂಕ್ರೀಟ್ ಸುರಿದಿರುತ್ತಾರೆ. ಅದರ ಅಡಿಯಲ್ಲಿ ನೀರು ಸಿಕ್ಕಿಕೊಂಡು ಪಕ್ಕೆಗಳ ಬುಡವೇ ಕರಗಿರುತ್ತದೆ. ಅದನ್ನು ಒಡೆದು ತೆಗೆಯದೆ ಪರೀಕ್ಷೆ ಮುಗಿಯಿತು ಅನ್ನುವ ಹಾಗಿಲ್ಲ.

ಮೊಳೆಗಳನ್ನೂ ನೋಡಿ. ಓಕ್ ಮರದ ಒಗರಿಗೂ ಕಬ್ಬಿಣಕ್ಕೂ ಆಗಿಬರುವುದಿಲ್ಲ. ಮೊಳೆ ತುಕ್ಕು ಹಿಡಿಯುತ್ತದೆ, ಸುತ್ತಲಿನ ಮರ ಕಪ್ಪಾಗಿ ಮೆತ್ತಗಾಗುತ್ತದೆ. ಹಲಗೆ ನೋಡಲು ಚೆನ್ನಾಗಿದ್ದರೂ ಅದನ್ನು ಹಿಡಿದಿರುವುದು ಏನೂ ಇಲ್ಲ ಎಂಬ ಸ್ಥಿತಿ ಬಂದಿರಬಹುದು.

ಪೂರ್ತಿ ಹೋದದ್ದಕ್ಕೆ ಒಂದು ಗುರುತು, ಅನುಮಾನದ್ದಕ್ಕೆ ಇನ್ನೊಂದು, ಗಟ್ಟಿ ಇರುವುದಕ್ಕೆ ಗುರುತೇ ಬೇಡ. ಎಲ್ಲದರ ಫೋಟೊ ತೆಗೆದು, ಪ್ರತಿ ಮರಕ್ಕೂ ಒಂದು ನಂಬರ್ ಕೊಡಿ.

ಹಂತ 4: ಆಕಾರವನ್ನು ಹಿಡಿದಿಡಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಜಾಸ್ತಿ ಸಮಯ ಕೊಡಬೇಕಾದದ್ದು ಈ ಹಂತಕ್ಕೆ. ಜನ ಅವಸರ ಮಾಡುವುದೂ ಇಲ್ಲೇ. ಗರಗಸ ಕೈಯಲ್ಲಿದೆ, ಕೊಯ್ಯಬೇಕು ಅನಿಸುತ್ತದೆ. ತಡೆಯಿರಿ.

ಮೊದಲು ಅಳತೆ. ದೋಣಿಯ ನಡುಗೆರೆಯ ಮೇಲೆ ದಾರ ಬಿಗಿದು, ಅದರಿಂದ ತೂಗುಗುಂಡು ಇಳಿಬಿಟ್ಟು, ಒಂದೊಂದು ಅಡಿಗೆ ಒಂದರಂತೆ ಒಡಲಿನ ಅಗಲ, ಎತ್ತರ ಬರೆದುಕೊಳ್ಳಿ. ಈಗ ಲೇಸರ್ ಸ್ಕ್ಯಾನ್ ಮಾಡುವವರೂ ಇದ್ದಾರೆ, ಸಿಕ್ಕರೆ ಮಾಡಿಸಿ. ಆದರೆ ಕೈಯಾರೆ ಅಳೆದವರಿಗೆ ಮಾತ್ರ ದೋಣಿ ಎಲ್ಲಿ ಒಂದು ಕಡೆಗೆ ವಾಲಿದೆ, ಎಡಪಕ್ಕಕ್ಕೂ ಬಲಪಕ್ಕಕ್ಕೂ ಎಷ್ಟು ವ್ಯತ್ಯಾಸ ಇದೆ ಅನ್ನುವುದು ಮನಸ್ಸಿನಲ್ಲಿ ಉಳಿಯುತ್ತದೆ. ಕೈಯಿಂದ ಕಟ್ಟಿದ ದೋಣಿಯ ಎರಡು ಪಕ್ಕ ಯಾವತ್ತೂ ಅಚ್ಚುಕಟ್ಟಾಗಿ ಒಂದೇ ಇರುವುದಿಲ್ಲ. ಅದನ್ನು ದೋಷ ಅಂತ ತಿದ್ದಲು ಹೋಗಬೇಡಿ.

ಆಮೇಲೆ ಅಗ್ಗದ ಹಲಗೆಯಲ್ಲಿ ಒಡಲಿನ ಒಳ ಆಕಾರಕ್ಕೆ ಸರಿಯಾಗಿ ನಾಲ್ಕೈದು ಅಡ್ಡ ಅಚ್ಚು ಕತ್ತರಿಸಿ, ಒಳಗೆ ಬಿಗಿಯಾಗಿ ನಿಲ್ಲಿಸಿ. ಹೊರಗಡೆ ಉದ್ದನೆಯ ರೀಪರ್ ಪಟ್ಟಿಗಳನ್ನು ಮೂತಿಯಿಂದ ಹಿಂಬದಿಯವರೆಗೆ ಸುತ್ತಿ ಹೊಡೆಯಿರಿ. ಒಳಗೆ ಅಚ್ಚು, ಹೊರಗೆ ಪಟ್ಟಿ, ನಡುವೆ ದೋಣಿ. ಇನ್ನು ಪಕ್ಕೆ ತೆಗೆದರೂ ಒಡಲು ಹರಡಿಕೊಳ್ಳುವುದಿಲ್ಲ. ಮೇಲೆ ಹೇಳಿದ ಒಳಬಾಗು ಉಳಿಯಬೇಕಾದರೆ ಮೇಲಂಚಿನ ಹತ್ತಿರ ಎರಡೂ ಪಕ್ಕಗಳನ್ನು ಅಡ್ಡಪಟ್ಟಿಯಿಂದ ಕಟ್ಟಲೇಬೇಕು. ಡೆಕ್ ಇಲ್ಲದ ಗ್ಲೋಚೋಗ್‌ನಲ್ಲಿ ಆ ಜಾಗ ಬೇಗ ಅಗಲವಾಗಿಬಿಡುತ್ತದೆ.

ಹಂತ 5: ಮರ ಹುಡುಕುವುದು

ಕೀಲ್, ಕಂಬಗಳು, ಪಕ್ಕೆಗಳಿಗೆ ಓಕ್. ಹೊರ ಹಲಗೆಗೆ ಲಾರ್ಚ್. ಹೂಕರ್‌ನ ವಾಡಿಕೆ ಇದೇ, ಕಾರಣವೂ ಇದೆ. ಓಕ್ ಗಟ್ಟಿ, ಮೊಳೆ ಬಿಗಿ ಹಿಡಿಯುತ್ತದೆ. ಲಾರ್ಚ್‌ನಲ್ಲಿ ಅಂಟು ಇರುವುದರಿಂದ ನೀರಿಗೆ ತಾಳುತ್ತದೆ, ಬಗ್ಗುತ್ತದೆ ಕೂಡ.

ಪಕ್ಕೆಗೆ ನೆಟ್ಟಗಿನ ಮರ ಕೊಯ್ದು ಬಾಗಿಸುವುದಲ್ಲ. ಕೊಂಬೆ ತಾನಾಗಿ ಬಾಗಿ ಬೆಳೆದ ಕಡೆಯಿಂದ ತುಂಡು ಆರಿಸಬೇಕು. ಆಗ ಮರದ ಎಳೆ ಪಕ್ಕೆಯ ಬಾಗಿನ ಜೊತೆಗೇ ಹೋಗುತ್ತದೆ. ನೆಟ್ಟಗಿನ ಹಲಗೆಯಲ್ಲಿ ಬಾಗು ಕತ್ತರಿಸಿದರೆ ಎಳೆ ಅಡ್ಡಡ್ಡ ತುಂಡಾಗಿ ಅಲ್ಲೇ ಮುರಿಯುತ್ತದೆ. ಅಚ್ಚುಗಳನ್ನು ಕೈಯಲ್ಲಿ ಹಿಡಿದುಕೊಂಡೇ ಮರದ ಅಡ್ಡೆಗೆ ಹೋಗಿ, ದಿಮ್ಮಿಯ ಮೇಲಿಟ್ಟು ನೋಡಿ ಆರಿಸಿ. ಚೇಗು ಮಾತ್ರ ತೆಗೆದುಕೊಳ್ಳಿ. ಹೊರಗಿನ ಬಿಳಿ ಭಾಗ ಮೊದಲು ಕುಂಬಾಗುವುದು.

ಹಲಗೆ ಮರವನ್ನು ಕೊಯ್ಸಿ, ನಡುವೆ ಪಟ್ಟಿ ಇಟ್ಟು ಪೇರಿಸಿ ಒಣಗಲು ಬಿಡಿ. 25 ಮಿಲಿಮೀಟರ್ ದಪ್ಪಕ್ಕೆ ಒಂದು ವರ್ಷ ಅನ್ನುವುದು ಹಳೆಯ ಲೆಕ್ಕ. ಅದಕ್ಕೇ ಮರದ ವ್ಯವಸ್ಥೆ ಎಲ್ಲಕ್ಕಿಂತ ಮೊದಲು ಆಗಬೇಕು.

ಹಂತ 6: ಕೀಲ್, ಕಂಬ, ಪಕ್ಕೆ

ಕೀಲ್ ಹೋಗಿದ್ದರೆ ಅದರಿಂದಲೇ ಶುರು. ಪೂರ್ತಿ ಬದಲಿಸಲೇಬೇಕು ಅಂತಿಲ್ಲ. ಒಂದು ತುದಿ ಮಾತ್ರ ಕುಂಬಾಗಿದ್ದರೆ ಅಷ್ಟನ್ನು ಕತ್ತರಿಸಿ, ಉದ್ದನೆಯ ಓರೆ ಬೆಸುಗೆ ಕೊಟ್ಟು ಹೊಸ ತುಂಡು ಕೂಡಿಸಿ ಬೋಲ್ಟ್ ಹಾಕಬಹುದು. ಮೂತಿಯ ಕಂಬ, ಹಿಂದಿನ ಕಂಬಗಳಿಗೂ ಇದೇ ಮಾತು. ಹಳೆಯ ತುಂಡನ್ನು ಎಸೆಯಬೇಡಿ. ಹೊಸದಕ್ಕೆ ಅದೇ ಅಚ್ಚು.

ಪಕ್ಕೆಗಳ ಸರದಿ ಬಂದಾಗ ಒಂದು ನಿಯಮವನ್ನು ಮುರಿಯಬೇಡಿ: ಅಕ್ಕಪಕ್ಕದ ಎರಡು ಪಕ್ಕೆಗಳನ್ನು ಒಟ್ಟಿಗೆ ತೆಗೆಯಬಾರದು. ಒಂದನ್ನು ತೆಗೆದು, ಹೊಸದು ಕೂಡಿಸಿ, ಮೊಳೆ ಬಿಗಿದ ಮೇಲೆ ಎಡಬದಿಯಲ್ಲಿ ಮಾಡಿದ್ದನ್ನು ಬಲಬದಿಯಲ್ಲಿ ಮಾಡಿ. ಆಮೇಲೆ ಒಂದು ಬಿಟ್ಟು ಮುಂದಿನದಕ್ಕೆ ಹೋಗಿ. ಹಳೆಯ ಪಕ್ಕೆ ಪುಡಿಯಾಗಿ ಅಚ್ಚಿಗೆ ಸಿಗದಿದ್ದರೆ ಹಲಗೆಯ ಒಳಮೈಗೆ ತೆಳು ಪ್ಲೈವುಡ್ ಹಿಡಿದು ಬಾಗು ಗುರುತು ಹಾಕಿಕೊಳ್ಳಿ.

ಪಕ್ಕೆಯ ಹೊರಮೈ ಚೌಕವಾಗಿರುವುದಿಲ್ಲ. ಹಲಗೆ ಓರೆಯಾಗಿ ಬಂದು ಕೂರುವುದರಿಂದ ಮೇಲಿಂದ ಕೆಳಗಿನವರೆಗೆ ಆ ಓರೆ ಬದಲಾಗುತ್ತಾ ಹೋಗುತ್ತದೆ. ಒಂದೊಂದು ಗೇಣಿಗೂ ಓರೆ ಅಳೆದು ಬರೆದುಕೊಂಡು, ಗರಗಸದಿಂದ ಒರಟಾಗಿ ಕೊಯ್ದು, ಬಾಚಿಯಿಂದ ಕೆತ್ತಿ ಕೂಡಿಸಬೇಕು. ಹಲಗೆಗೂ ಪಕ್ಕೆಗೂ ನಡುವೆ ಕಾಗದ ತೂರುವಷ್ಟೂ ಸಂದು ಬಿಡಬೇಡಿ. ಸಂದು ಬಿಟ್ಟು ಮೊಳೆ ಹೊಡೆದರೆ ಹಲಗೆ ಒಳಕ್ಕೆ ಎಳೆದುಕೊಂಡು ಆಕಾರ ಅಲ್ಲೇ ಕೆಡುತ್ತದೆ. ಪಕ್ಕೆಯ ಬುಡದಲ್ಲಿ ನೀರು ಹರಿದುಹೋಗಲು ತೂತು ಬಿಡುವುದನ್ನು ಮರೆಯಬೇಡಿ.

ಹಂತ 7: ಹಲಗೆ ಕೂಡಿಸುವುದು

ಹೊರಗಿನಿಂದ ನೋಡಿದರೆ ಹಲಗೆಗಳೆಲ್ಲ ನೆಟ್ಟಗಿವೆ ಅನಿಸುತ್ತದೆ. ಬಿಚ್ಚಿ ನೆಲದ ಮೇಲಿಟ್ಟರೆ ಒಂದೊಂದೂ ಒಂದೊಂದು ಬಗೆಯಲ್ಲಿ ಬಾಗಿರುತ್ತದೆ. ಆ ಬಾಗನ್ನು ಹೊಸ ಹಲಗೆಗೆ ದಾಟಿಸುವ ಉಪಾಯ ಹೀಗಿದೆ.

ಹಲಗೆ ತೆಗೆದ ಖಾಲಿ ಜಾಗಕ್ಕಿಂತ ಕಿರಿದಾದ ಒಂದು ತೆಳು ಪಟ್ಟಿಯನ್ನು ಅಲ್ಲಿ ಸಹಜವಾಗಿ ಕೂರುವಂತೆ ಇಟ್ಟು ಸಣ್ಣ ಮೊಳೆ ಹೊಡೆಯಿರಿ. ಪಟ್ಟಿಯನ್ನು ಅಂಚಿನ ಕಡೆಗೆ ಒತ್ತಿ ಬಾಗಿಸಬೇಡಿ, ಬಾಗಿಸಿದರೆ ಅಳತೆ ಸುಳ್ಳಾಗುತ್ತದೆ. ಕೈವಾರವನ್ನು ಒಂದು ಅಗಲಕ್ಕೆ ಬಿಗಿ ಮಾಡಿಕೊಳ್ಳಿ. ಕೆಲಸ ಮುಗಿಯುವ ತನಕ ಆ ಅಗಲ ಬದಲಾಗಬಾರದು. ಪಕ್ಕದ ಹಲಗೆಯ ಅಂಚಿನ ಮೇಲೆ ಕೈವಾರದ ಮುಳ್ಳು ಊರಿ, ಪಟ್ಟಿಯ ಮೇಲೆ ಒಂದು ಕಮಾನು ಎಳೆಯಿರಿ. ಒಂದೊಂದು ಪಕ್ಕೆಯ ನೇರಕ್ಕೂ ಮೇಲೊಂದು, ಕೆಳಗೊಂದು. ಈಗ ಪಟ್ಟಿ ಬಿಚ್ಚಿ ಹೊಸ ಮರದ ಮೇಲೆ ಹಾಸಿ, ಆ ಕಮಾನುಗಳ ಮೇಲೆ ಮುಳ್ಳು ಊರಿ ಹಿಂದಕ್ಕೆ ಎಳೆಯಿರಿ. ಆ ಗುರುತುಗಳನ್ನು ಬಗ್ಗುವ ರೀಪರ್ ಹಿಡಿದು ಸೇರಿಸಿದರೆ ಹಲಗೆಯ ನಿಜವಾದ ಅಂಚು ಮೂಡುತ್ತದೆ. ಮೊದಲ ಸಲ ನೋಡಿದವರಿಗೆ ಇದು ಕಣ್ಕಟ್ಟು ಅನಿಸುತ್ತದೆ, ಅಷ್ಟು ಕರಾರುವಾಕ್ಕು.

ದಪ್ಪ ಎಷ್ಟಿರಬೇಕು ಅನ್ನುವುದನ್ನು ಹಳೆಯ ಹಲಗೆಯ ಸವೆಯದ ಭಾಗದಲ್ಲಿ ಅಳೆದು ತಿಳಿಯಿರಿ. ಅಂಚುಗಳು ಒಳಗಡೆ ಒಂದಕ್ಕೊಂದು ಒತ್ತಿ ಕೂರಬೇಕು, ಹೊರಗಡೆ ಸ್ವಲ್ಪ ಬಾಯಿ ತೆರೆದಿರಬೇಕು. 25 ಮಿಲಿಮೀಟರ್ ದಪ್ಪದ ಹಲಗೆಗೆ ಸುಮಾರು ಒಂದೂವರೆ ಮಿಲಿಮೀಟರ್ ಬಾಯಿ ಸಾಕು. ನಾರು ತುಂಬುವುದು ಅಲ್ಲಿಗೆ.

ಮೂತಿಯ ಗುಂಡು ಭುಜದ ಹತ್ತಿರ ಹಲಗೆ ಬಾಗುವುದೂ ಬೇಕು, ತಿರುಚುವುದೂ ಬೇಕು. ಅಲ್ಲಿ ಹಬೆ ಬೇಕೇ ಬೇಕು. ಮರದ ಉದ್ದನೆಯ ಪೆಟ್ಟಿಗೆಯಲ್ಲಿ ಹಲಗೆ ಇಟ್ಟು ಹಬೆ ಬಿಡಿ, 25 ಮಿಲಿಮೀಟರ್ ದಪ್ಪಕ್ಕೆ ಸುಮಾರು ಒಂದು ಗಂಟೆ. ಹೊರಗೆ ತೆಗೆದ ಮೇಲೆ ಕೈಯಲ್ಲಿರುವುದು ಒಂದೆರಡು ನಿಮಿಷ ಅಷ್ಟೇ. ದಪ್ಪ ಕೈಗವಸು ಹಾಕಿಕೊಂಡ ಮೂರು ನಾಲ್ಕು ಜನ, ಬಾಯಿ ತೆರೆದಿಟ್ಟ ಕ್ಲ್ಯಾಂಪ್‌ಗಳು, ಯಾರು ಎಲ್ಲಿ ನಿಲ್ಲಬೇಕು ಅನ್ನುವುದು, ಎಲ್ಲ ಮೊದಲೇ ಗೊತ್ತಾಗಿರಬೇಕು. ಮೂತಿಯ ತುದಿಯನ್ನು ಮೊದಲು ಬಿಗಿದು, ಹಿಂದಕ್ಕೆ ಒತ್ತುತ್ತಾ ಬನ್ನಿ.

ಹಲಗೆಗಳನ್ನು ಒಂದು ಪಕ್ಕದಲ್ಲೇ ಕಿತ್ತುಹಾಕಬೇಡಿ. ಎಡಕ್ಕೊಂದು ತೆಗೆದರೆ ಬಲಕ್ಕೊಂದು. ಉದ್ದಕ್ಕೆ ಎರಡು ತುಂಡು ಕೂಡಿಸಬೇಕಾದರೆ ಅಕ್ಕಪಕ್ಕದ ಸಾಲುಗಳ ಕೂಡುಗಳು ಒಂದಕ್ಕೊಂದು ಕನಿಷ್ಠ ಮೂರು ಪಕ್ಕೆಗಳಷ್ಟು ದೂರ ಇರಲಿ. ಕೂಡುಗಳೆಲ್ಲ ಒಂದೇ ನೇರಕ್ಕೆ ಬಂದರೆ ದೋಣಿಗೆ ಅಲ್ಲೇ ಬಲ ಹೋಗುತ್ತದೆ.

ಮೊಳೆಗೆ ದಪ್ಪ ಸತುವಿನ ಲೇಪ ಕೊಟ್ಟ ಕಬ್ಬಿಣದ ದೋಣಿ ಮೊಳೆ ಸರಿ. ಸ್ಟೇನ್‌ಲೆಸ್ ಸ್ಟೀಲ್ ಒಳ್ಳೆಯದಲ್ವಾ ಅಂತ ಕೆಲವರು ಕೇಳುತ್ತಾರೆ. ನೀರಿನ ಮಟ್ಟದ ಕೆಳಗೆ, ಗಾಳಿಯಾಡದ ಒದ್ದೆ ಮರದೊಳಗೆ ಅದು ಸದ್ದಿಲ್ಲದೆ ಸವೆದುಹೋಗುತ್ತದೆ. ತಾಮ್ರ, ಕಬ್ಬಿಣ ಎರಡನ್ನೂ ಹತ್ತಿರ ಹತ್ತಿರ ಬಳಸಬೇಡಿ. ಉಪ್ಪುನೀರು ಸಿಕ್ಕರೆ ಕಬ್ಬಿಣ ಬೇಗ ಕರಗುತ್ತದೆ. ಯಾವ ಮೊಳೆಯಾದರೂ ಬೈರಿಗೆಯಿಂದ ತೂತು ಕೊರೆದೇ ಹೊಡೆಯಿರಿ.

ಹಂತ 8: ಸಂದಿಗೆ ನಾರು ತುಂಬುವುದು

ಓಕಮ್ ಅಂದರೆ ಟಾರ್ ಸವರಿದ ಹೆಂಪ್ ನಾರು. ಅದನ್ನು ಅಂಗೈಯಲ್ಲಿ ಹೊಸೆದು ಸಡಿಲ ಬತ್ತಿ ಮಾಡಿಕೊಳ್ಳಿ. ಅಗಲ ಬಾಯಿಯ ಮೊಂಡು ಉಳಿ, ಮರದ ಕೊಡತಿ ಸಾಕು. ಸಣ್ಣ ಸಂದಿಗೆ ಹತ್ತಿ, ದೊಡ್ಡದಕ್ಕೆ ಓಕಮ್. ಬತ್ತಿಯನ್ನು ಸಣ್ಣ ಸಣ್ಣ ಕುಣಿಕೆಯಾಗಿ ಸಂದಿಯೊಳಗೆ ಸಿಕ್ಕಿಸುತ್ತಾ ಹೋಗಿ, ಆಮೇಲೆ ಹಿಂದಿರುಗಿ ಬಂದು ಹೊಡೆದು ಕೂಡಿಸಿ.

ಕಿವಿ ಇಟ್ಟು ಮಾಡುವ ಕೆಲಸ ಇದು. ಮೊದಲ ಏಟುಗಳು ಮೆತ್ತಗೆ ಕೇಳುತ್ತವೆ. ನಾರು ಬಿಗಿಯಾದಂತೆ ಸದ್ದು ಏರುತ್ತಾ ಬಂದು, ಸಾಕು ಅನ್ನುವ ಹೊತ್ತಿಗೆ ಇಡೀ ಒಡಲು ಗಣಗಣ ಅನ್ನುತ್ತದೆ. ಅಲ್ಲಿಗೆ ನಿಲ್ಲಿಸಿ. ಹೊಸಬರು ಮಾಡುವ ದೊಡ್ಡ ತಪ್ಪು ಜಾಸ್ತಿ ಹೊಡೆಯುವುದು. ನೀರು ಕುಡಿದು ಹಲಗೆ ಉಬ್ಬಿದಾಗ ನಾರಿಗೆ ಹೋಗಲು ಜಾಗ ಇಲ್ಲದೆ ಅದು ಹಲಗೆಯನ್ನೇ ಪಕ್ಕೆಯಿಂದ ಹೊರಕ್ಕೆ ತಳ್ಳುತ್ತದೆ. ತುಂಬಿದ ಸಂದಿಗೆ ಪ್ರೈಮರ್ ಸವರಿ, ಮೇಲೆ ಪುಟ್ಟಿ ತುಂಬಿ.

ಹೊರಮೈಗೆ ಕಪ್ಪು. ಹಿಂದೆ ಕಲ್ಲಿದ್ದಲ ಟಾರ್ ಬಳಿಯುತ್ತಿದ್ದರು. ಅದು ಚರ್ಮಕ್ಕೂ ಶ್ವಾಸಕ್ಕೂ ಒಳ್ಳೆಯದಲ್ಲ, ಕ್ಯಾನ್ಸರ್ ತರುವ ಅಂಶಗಳು ಅದರಲ್ಲಿವೆ. ಪೈನ್ ಮರದ ಟಾರ್‌ಗೆ ಅಗಸೆ ಎಣ್ಣೆ ಬೆರೆಸಿ ಬಳಸಬಹುದು, ಬಿಟುಮೆನ್ ಕಪ್ಪು ಬಣ್ಣವೂ ಸಿಗುತ್ತದೆ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಅದನ್ನು ಒಣದಾಗಿ ಉಜ್ಜಬೇಡಿ. ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು ದೂರ ಇಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯುವುದಂತೂ ಬೇಡವೇ ಬೇಡ. ಅದು ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಹಂತ 9: ಹಾಯಿಕಂಬ, ಹಾಯಿ, ತಳಭಾರ

ಹಾಯಿಕಂಬಕ್ಕೆ ಗಂಟು ಕಡಿಮೆ ಇರುವ ಲಾರ್ಚ್, ಸ್ಪ್ರೂಸ್ ಅಥವಾ ಡಗ್ಲಸ್ ಫರ್ ಸರಿಹೋಗುತ್ತದೆ. ಮೊದಲು ಚೌಕ ಮಾಡಿಕೊಳ್ಳಿ, ಆಮೇಲೆ ಎಂಟು ಮೂಲೆ, ಹದಿನಾರು ಮೂಲೆ, ಕೊನೆಗೆ ಗುಂಡು. ಎಂಟು ಮೂಲೆಗೆ ಗುರುತು ಹಾಕಲು ಸುಲಭ ಲೆಕ್ಕ ಇದೆ: ಮುಖದ ಅಗಲವನ್ನು 24 ಪಾಲು ಮಾಡಿ, 7, 10, 7 ಅಂತ ಗೆರೆ ಎಳೆಯಿರಿ. ಕಂಬ ಮೇಲಕ್ಕೆ ಸಣ್ಣದಾದರೂ ಈ ಲೆಕ್ಕ ತಪ್ಪುವುದಿಲ್ಲ.

ಹಾಯಿಯ ಆ ಕಂದು ಬಣ್ಣ ಚೆಂದಕ್ಕೆ ಬಂದದ್ದಲ್ಲ. ಹತ್ತಿಬಟ್ಟೆಯ ಹಾಯಿ ಬೂಸ್ಟು ಹಿಡಿದು ಕೊಳೆಯದಿರಲಿ ಅಂತ ಅದನ್ನು ಮರದ ತೊಗಟೆಯ ಕಷಾಯದಲ್ಲಿ ಅದ್ದುತ್ತಿದ್ದರು. 19ನೇ ಶತಮಾನದಲ್ಲಿ ಐರ್ಲೆಂಡ್, ಬ್ರಿಟನ್ ಮೀನುಗಾರರು ಇದಕ್ಕೆ ಭಾರತ, ಬರ್ಮಾದಿಂದ ಹೋದ ಕಾಚನ್ನೂ ಬಳಸತೊಡಗಿದರು. ಎಲೆ ಅಡಿಕೆ ಜೊತೆ ನಾವು ಹಾಕಿಕೊಳ್ಳುವ ಕಾಚೇ ಅದು, ಕಗ್ಗಲಿ ಮರದ ಚೇಗು ಕುದಿಸಿ ತೆಗೆದದ್ದು. ಈಗ ಸಿಂಥೆಟಿಕ್ ಬಟ್ಟೆ ಅದೇ ಬಣ್ಣದಲ್ಲಿ ಸಿಗುತ್ತದೆ. ಕೆಲಸಕ್ಕೆ ಅದು ಸಾಕು. ಹತ್ತಿ ಹಾಯಿಯೇ ಬೇಕು ಅನ್ನುವವರು ಕಾಚನ್ನು ನೀರಿನಲ್ಲಿ ಕುದಿಸಿ, ಹಾಯಿ ನೆನೆಸಿ, ಒಣಗಿಸಿ, ಮತ್ತೆ ನೆನೆಸಬೇಕು. ಪ್ರತಿ ವರ್ಷವೂ ಈ ಕೆಲಸ ಇದ್ದದ್ದೇ.

ತಳಭಾರಕ್ಕೆ ಕಲ್ಲೇ ಇರಲಿ, ಕಾಂಕ್ರೀಟ್ ಬೇಡ. ದಡದ ನುಣುಪು ಕಲ್ಲನ್ನು ಹೊರ ಹಲಗೆಗೆ ತಾಗದಂತೆ, ಪಕ್ಕೆಗಳ ಮೇಲೆ ಹಾಸಿದ ಹಲಗೆಯ ಮೇಲೆ ಜೋಡಿಸಿ. ಬೇಕೆಂದಾಗ ತೆಗೆದು ತಳ ತೊಳೆಯಬಹುದು.

ಹಂತ 10: ನೀರಿಗೆ

ಒಣಗಿದ ದೋಣಿ ನೀರಿಗಿಳಿದ ಕೂಡಲೇ ಸೋರುತ್ತದೆ. ಗಾಬರಿ ಬೇಡ, ಅದು ಸಹಜ. ಇಳಿಸುವ ಕೆಲವು ದಿನ ಮೊದಲಿನಿಂದ ಒಳಗೆ ಒದ್ದೆ ಗೋಣಿಚೀಲ ಹಾಸಿ, ಉಪ್ಪುನೀರು ಚಿಮುಕಿಸುತ್ತಿರಿ. ಇಳಿಸಿದ ಮೊದಲ ರಾತ್ರಿ ಕ್ರೇನ್‌ನ ಪಟ್ಟಿಯಲ್ಲೇ ಇರಲಿ. ಎರಡು ಪಂಪು, ಎಚ್ಚರ ಇರುವ ಒಬ್ಬರು ಬೇಕು. ಹಲಗೆ ನೀರು ಕುಡಿದು ಉಬ್ಬಿದಂತೆ ಸೋರುವುದು ದಿನದಿನಕ್ಕೆ ಕಡಿಮೆಯಾಗುತ್ತದೆ. ಒಂದೇ ಜಾಗದಲ್ಲಿ ಧಾರೆಯಾಗಿ ಬರುತ್ತಿದ್ದರೆ ಮಾತ್ರ ಮೇಲೆತ್ತಿ ನೋಡಿ. ಸೋರುವುದು ನಿಂತ ಮೇಲೆ ಕಲ್ಲು ಹೇರಿ, ನೀರಿನ ಮಟ್ಟ ಹಳೆಯ ಫೋಟೊದಲ್ಲಿರುವಂತೆ ಬರುವವರೆಗೆ ಹಿಂದೆ ಮುಂದೆ ಸರಿಸಿ ನೋಡಿ.

ಮೊದಲ ಸಲ ಹಾಯಿ ಏರಿಸುವಾಗ ಗಾಳಿ ಕಡಿಮೆ ಇರುವ ದಿನ ಆರಿಸಿ, ಹೂಕರ್ ನಡೆಸಿ ಗೊತ್ತಿರುವವರನ್ನು ಚುಕ್ಕಾಣಿಗೆ ಕೂರಿಸಿ. ದೊಡ್ಡ ಹಾಯಿಯ ಎಳೆತ ಎಂಥದ್ದು ಅನ್ನುವುದನ್ನು ಓದಿ ತಿಳಿಯಲು ಆಗುವುದಿಲ್ಲ.

ಕಲಿಯಲು ಎಲ್ಲಿಗೆ ಹೋಗಬೇಕು, ಆಮೇಲಿನ ಆರೈಕೆ ಏನು

ಗಾಲ್ವೆ ನಗರ ವಸ್ತುಸಂಗ್ರಹಾಲಯದಲ್ಲಿ ಒಂದು ಹೂಕರನ್ನು ತೂಗುಹಾಕಿದ್ದಾರೆ. ಅದರ ಅಡಿಯಲ್ಲಿ ನಿಂತು ಒಡಲಿನ ಬಾಗನ್ನು ಕೆಳಗಿನಿಂದ ನೋಡಬಹುದು. ನೀರಿನಲ್ಲಿರುವ ದೋಣಿಯಲ್ಲಿ ಅದು ಕಾಣಿಸುವುದೇ ಇಲ್ಲ. ಕ್ಲಾಡಾದಲ್ಲಿ ‘ಬಾಡೋರಿ ಅನ್ ಕ್ಲಾಡಿ’ ಎಂಬ ಗುಂಪು ಹಳೆಯ ಹೂಕರ್‌ಗಳನ್ನು ಸರಿಪಡಿಸುತ್ತದೆ, ಹಾಯಿ ನಡೆಸುವುದನ್ನು ಕಲಿಸುತ್ತದೆ. ಕೆಲಸ ಕಲಿಯಲು ಒಂದು ಋತು ಅವರ ಜೊತೆ ಕೈಯಾಡಿಸುವುದು ನಿಮ್ಮದೇ ದೋಣಿ ಕೊಳ್ಳುವುದಕ್ಕಿಂತ ಬುದ್ಧಿವಂತಿಕೆ. ದೊಡ್ಡ ಕೆಲಸವನ್ನು ಒಟ್ಟಾಗಿ ಹೇಗೆ ಮಾಡುತ್ತಾರೆ ಅನ್ನುವುದಕ್ಕೆ ‘ಐಲೆನ್’ ಒಳ್ಳೆಯ ಉದಾಹರಣೆ. ಅದು ಹೂಕರ್ ಅಲ್ಲ, 1926ರಲ್ಲಿ ಕೌಂಟಿ ಕಾರ್ಕ್‌ನ ಬಾಲ್ಟಿಮೋರ್‌ನಲ್ಲಿ ಕಟ್ಟಿದ ಹಾಯಿಹಡಗು. ಫಾಕ್‌ಲ್ಯಾಂಡ್ ದ್ವೀಪಗಳಲ್ಲಿ ದಶಕಗಟ್ಟಲೆ ದುಡಿದು 1990ರ ದಶಕದಲ್ಲಿ ತವರಿಗೆ ಬಂತು. ಬಾಲ್ಟಿಮೋರ್ ಬಳಿಯ ದೋಣಿಕಟ್ಟೆ, ಲಿಮೆರಿಕ್‌ನ ದೋಣಿ ಶಾಲೆ ಎರಡೂ ಸೇರಿ ದುಡಿದು 2018ರಲ್ಲಿ ಅದನ್ನು ಮತ್ತೆ ನೀರಿಗಿಳಿಸಿದವು.

ದೋಣಿ ಓಡತೊಡಗಿದ ಮೇಲೆ ಕೆಲಸ ಕಡಿಮೆ, ಆದರೆ ತಪ್ಪಿಸುವ ಹಾಗಿಲ್ಲ. ಮಳೆ ಬಿದ್ದ ಮೇಲೆ ಒಳಗಿನ ಸಿಹಿನೀರು ತೆಗೆದು ಉಪ್ಪುನೀರಿನಿಂದ ತೊಳೆಯಿರಿ. ಚಳಿಗಾಲಕ್ಕೆ ದಡ ಹತ್ತಿಸಿದಾಗ ಟಾರ್ಪಾಲನ್ನು ದೋಣಿಗೆ ತಾಗಿಸಿ ಬಿಗಿಯಬೇಡಿ. ಎತ್ತರದಲ್ಲಿ ಕೋಲು ಕೊಟ್ಟು ಮಾಡಿನ ಹಾಗೆ ಕಟ್ಟಿ, ಎರಡೂ ತುದಿ ಗಾಳಿಗೆ ತೆರೆದಿರಲಿ. ವಸಂತದಲ್ಲಿ ದಬ್ಬಳ ಹಿಡಿದು ಹಂತ 3ರಲ್ಲಿ ಹೇಳಿದ ಜಾಗಗಳನ್ನೆಲ್ಲ ಮತ್ತೊಮ್ಮೆ ಚುಚ್ಚಿ ನೋಡಿ. ನೀವು ಹಾಕಿದ ಪ್ರತಿ ಹೊಸ ಮರದ ಮೇಲೂ ಒಳಬದಿಯಲ್ಲಿ ಇಸವಿ ಕೊರೆದಿಡಿ, ಕೆಲಸದ ದಿನಚರಿಯ ಒಂದು ಪ್ರತಿಯನ್ನು ದೋಣಿಯ ಕಾಗದಪತ್ರದ ಜೊತೆಗೇ ಇಡಿ. ಮುಂದೆ ರಿಪೇರಿಗೆ ಕೈಹಾಕುವವರಿಗೆ ಯಾವುದು ಮೂಲದ ಮರ, ಯಾವುದು ನಿಮ್ಮದು ಅನ್ನುವುದು ಗೊತ್ತಾಗಬೇಕು.